ಹೊರಬರುವ ಬಾಗಿಲು: ವಾರ್ಸಾ ಒಪ್ಪಂದವನ್ನು ಭಟ್ಕಳದ ಕಡೆಯಿಂದ ಓದುವುದು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಶಾಲೆ-ಕಾಲೇಜಿನ ಮಕ್ಕಳು ಪ್ರವಾಸಕ್ಕೆಂದು ಕಾರವಾರಕ್ಕೆ ಹೋದರೆ ಟ್ಯಾಗೋರ್ ಕಡಲತೀರದ ಯುದ್ಧನೌಕೆಯನ್ನು ನೋಡದೆ ಬರುವುದಿಲ್ಲ. ಹೆದ್ದಾರಿಯ ಪಕ್ಕದಲ್ಲೇ ನೀರು ಬಿಟ್ಟು ನೆಲಕ್ಕೆ ಬಂದು ಕೂತಿರುವ ಆ ದೋಣಿಯ ಹೆಸರು ಐಎನ್‌ಎಸ್ ಚಪಲ್. ಎರಡು ಬದಿಗೆ ಎರಡೆರಡರಂತೆ ನಾಲ್ಕು ಕ್ಷಿಪಣಿಗಳ ಗೂಡು. 1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಹಚ್ಚಿದ್ದು ಇದೇ ದೋಣಿ ಎಂದು ನಂಬಿಕೊಂಡು ಫೋಟೊ ತೆಗೆಸಿಕೊಂಡು ಹೋಗುವವರು ಬಹಳ. ಆ ಕೆಲಸ ಮಾಡಿದ್ದು ಇದರ ಅಕ್ಕಂದಿರು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಹೋದವು. 8ರ ರಾತ್ರಿ ವಿನಾಶ್ ಹೋಯಿತು. ಚಪಲ್ ನಮ್ಮ ನೌಕಾಪಡೆ ಸೇರಿದ್ದೇ 1976ರಲ್ಲಿ, ಯುದ್ಧ ಮುಗಿದು ಐದು ವರ್ಷದ ಮೇಲೆ. 2005ರಲ್ಲಿ ನಿವೃತ್ತವಾಗಿ ಆಮೇಲೆ ಕಾರವಾರದ ದಂಡೆಗೆ ಬಂತು.

ಇದನ್ನು ಕಟ್ಟಿದ್ದು ಸೋವಿಯತ್ ಒಕ್ಕೂಟ. ಈ ಜಾತಿಯ ದೋಣಿಗೆ ಎದುರಾಳಿ ನೇಟೊ ಕೂಟದವರು ಇಟ್ಟ ಹೆಸರು ‘ಓಸಾ’. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಕಣಜದ ಹುಳ. ಹೆಸರು ಸರಿಯಾಗಿಯೇ ಇದೆ. ದೂರ ಹಾರಲಾರದು, ಹತ್ತಿರ ಬಂದವರನ್ನು ಮಾತ್ರ ಕಚ್ಚುತ್ತದೆ. ದಂಡೆ ಕಾಯಲು ಮಾಡಿದ ದೋಣಿಯಾದ್ದರಿಂದಲೇ 1971ರಲ್ಲಿ ಇವನ್ನು ಕರಾಚಿಯ ಕಡೆಗೆ ಒಂದಷ್ಟು ದೂರ ದೊಡ್ಡ ಹಡಗುಗಳಿಗೆ ಕಟ್ಟಿ ಎಳೆದೊಯ್ಯಬೇಕಾಯಿತು. ಪೋಲೆಂಡ್, ಪೂರ್ವ ಜರ್ಮನಿ, ಬಲ್ಗೇರಿಯ, ರುಮೇನಿಯಗಳ ನೌಕಾಪಡೆಗಳಲ್ಲೂ ಇವೇ ಕಣಜಗಳಿದ್ದವು. ಬಾಲ್ಟಿಕ್ ಮತ್ತು ಕಪ್ಪು ಸಮುದ್ರಗಳಲ್ಲಿ ಅವು ಸುತ್ತುತ್ತಿದ್ದುದು ವಾರ್ಸಾ ಒಪ್ಪಂದ ಎಂಬ ಸೇನಾಕೂಟದ ಪರವಾಗಿ.

ಅದೇ ಕೂಟದ ಇನ್ನೊಂದು ತುಣುಕು ಈಚೆಗೆ ಕಾರವಾರದಿಂದ ಹೊರಬಿತ್ತು. ಐಎನ್‌ಎಸ್ ಗುಲ್ದಾರ್ ಎಂಬ ಸೈನಿಕರನ್ನು ದಂಡೆಗಿಳಿಸುವ ಹಡಗು 2024ರ ಜನವರಿಯಲ್ಲಿ ನಿವೃತ್ತವಾಯಿತು. ಕಾರವಾರದ ನೌಕಾನೆಲೆಯಲ್ಲಿ ನಿಂತಿದ್ದ ಅದನ್ನು 2025ರಲ್ಲಿ ಮಹಾರಾಷ್ಟ್ರಕ್ಕೆ ಒಪ್ಪಿಸಿದರು, ಸಿಂಧುದುರ್ಗದ ಕಡಲಲ್ಲಿ ಮುಳುಗಿಸಿ ನೀರೊಳಗಿನ ಸಂಗ್ರಹಾಲಯ ಮಾಡುವುದಕ್ಕೆ. ಗುಲ್ದಾರ್ ಹುಟ್ಟಿದ್ದು ಪೋಲೆಂಡಿನ ಗ್ಡಿನಿಯಾ ಎಂಬ ಬಂದರಿನಲ್ಲಿ, ನಮ್ಮ ಪಡೆ ಸೇರಿದ್ದು 1985ರ ಕೊನೆಯಲ್ಲಿ. 1970ರ ಡಿಸೆಂಬರಿನಲ್ಲಿ, ಬೆಲೆಯೇರಿಕೆಯ ವಿರುದ್ಧ ಮುಷ್ಕರ ಹೂಡಿದ್ದ ಹಡಗುಕಟ್ಟೆಯ ಕೆಲಸಗಾರರು ಬೆಳಗಿನ ಪಾಳಿಗೆ ಬರುತ್ತಿದ್ದಾಗ ಅವರ ಮೇಲೆ ಗುಂಡು ಹಾರಿಸಿದ ಊರೂ ಅದೇ ಗ್ಡಿನಿಯಾ. ಗುಂಡು ಹಾರಿಸಿದ್ದು ಕಾರ್ಮಿಕರ ರಾಜ್ಯವೆಂದು ಕರೆದುಕೊಳ್ಳುತ್ತಿದ್ದ ದೇಶದ ಸೈನ್ಯ.

ನಮ್ಮ ಪಠ್ಯಪುಸ್ತಕಗಳಲ್ಲಿ ವಾರ್ಸಾ ಒಪ್ಪಂದಕ್ಕೆ ಸಿಗುವುದು ಎರಡು ಸಾಲು, ಬಹಳವಾದರೆ ಒಂದು ಕೋಷ್ಟಕ. ಎಡಕ್ಕೆ ನೇಟೊ, 1949. ಬಲಕ್ಕೆ ವಾರ್ಸಾ, 1955. ಎಡಕ್ಕೆ ಬಂಡವಾಳಶಾಹಿ, ಬಲಕ್ಕೆ ಸಮಾಜವಾದಿ. ಒಂದು ಇನ್ನೊಂದರ ಕನ್ನಡಿ ಬಿಂಬ ಎಂಬಂತೆ ಓದಿ, ಎರಡು ಅಂಕಕ್ಕೆ ಬರೆದು, ಮರೆಯುತ್ತೇವೆ. ಈ ಕೋಷ್ಟಕದಲ್ಲಿ ಬಿಟ್ಟುಹೋಗುವ ಪ್ರಶ್ನೆ ಒಂದೇ. ಕೂಟ ಸೇರಿದವನಿಗೆ ಇನ್ನು ಸಾಕು ಅನ್ನಿಸಿದರೆ ಏನಾಗುತ್ತದೆ?

ಮೊದಲು ಒಪ್ಪಂದದ ಕಾಗದವನ್ನೇ ನೋಡೋಣ. 1955ರ ಮೇ ತಿಂಗಳ ಮೊದಲ ವಾರದಲ್ಲಿ ಪಶ್ಚಿಮ ಜರ್ಮನಿ ನೇಟೊ ಸೇರಿತು. ಜರ್ಮನಿಯ ಕೈಗೆ ಮತ್ತೆ ಕೋವಿ ಬರುವುದೆಂದರೆ ಮಾಸ್ಕೋಗೂ ವಾರ್ಸಾಗೂ ಪ್ರಾಗ್‌ಗೂ ನಿಜವಾದ ಭಯ. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ಹತ್ತು ವರ್ಷ. ಮೇ 14ರಂದು ಸೋವಿಯತ್ ಒಕ್ಕೂಟ, ಪೋಲೆಂಡ್, ಚೆಕೊಸ್ಲೊವಾಕಿಯ, ಪೂರ್ವ ಜರ್ಮನಿ, ಹಂಗೆರಿ, ರುಮೇನಿಯ, ಬಲ್ಗೇರಿಯ, ಅಲ್ಬೇನಿಯ ಹೀಗೆ ಎಂಟು ದೇಶಗಳು ವಾರ್ಸಾದಲ್ಲಿ ಸಹಿ ಹಾಕಿದವು. ಸಹಿ ಹಾಕಿದ ಪ್ರತಿಗಳು ಇದ್ದದ್ದು ನಾಲ್ಕು ಭಾಷೆಗಳಲ್ಲಿ: ರಷ್ಯನ್, ಪೋಲಿಷ್, ಚೆಕ್, ಜರ್ಮನ್. ಹಂಗೇರಿಯನ್, ರುಮೇನಿಯನ್, ಬಲ್ಗೇರಿಯನ್, ಅಲ್ಬೇನಿಯನ್ ಭಾಷೆಗಳಲ್ಲಿ ಅಧಿಕೃತ ಪ್ರತಿಯೇ ಇರಲಿಲ್ಲ. ಭಾಷೆಯ ವಿದ್ಯಾರ್ಥಿಗಳಿಗೆ ಇದೊಂದು ಸಂಗತಿಯೇ ಸಾಕಷ್ಟು ಹೇಳುತ್ತದೆ. ಎಂಟು ಮಂದಿ ಸಮಾನರಲ್ಲಿ ನಾಲ್ವರು ತಮ್ಮ ಭಾಷೆಯಲ್ಲಿಲ್ಲದ ಕಾಗದಕ್ಕೆ ಸಹಿ ಹಾಕಿದ್ದರು.

ಉಳಿದಂತೆ ಕಾಗದ ಬಹಳ ಚೆನ್ನಾಗಿದೆ. ನಾಲ್ಕನೆಯ ಕಲಮಿನಲ್ಲಿ, ಯುರೋಪಿನಲ್ಲಿ ಒಬ್ಬರ ಮೇಲೆ ದಾಳಿಯಾದರೆ ಉಳಿದವರು ಸೈನ್ಯಬಲವೂ ಸೇರಿದಂತೆ ಎಲ್ಲ ಬಗೆಯಲ್ಲಿ ನೆರವಾಗಬೇಕು ಎಂದಿದೆ. ಎಂಟನೆಯ ಕಲಮಿನಲ್ಲಿ ಒಬ್ಬರು ಇನ್ನೊಬ್ಬರ ಸ್ವಾತಂತ್ರ್ಯವನ್ನೂ ಸಾರ್ವಭೌಮತ್ವವನ್ನೂ ಗೌರವಿಸಬೇಕು, ಒಳಗಿನ ವಿಷಯಗಳಲ್ಲಿ ತಲೆಹಾಕಬಾರದು ಎಂದಿದೆ. ಹೊರಬರುವ ದಾರಿ ಹನ್ನೊಂದನೆಯ ಕಲಮಿನಲ್ಲಿದೆ. ಒಪ್ಪಂದದ ಅವಧಿ 20 ವರ್ಷ. ಅದು ತೀರುವ ಒಂದು ವರ್ಷ ಮೊದಲು ಬೇಡವೆಂದು ತಿಳಿಸದವರಿಗೆ ಇನ್ನೂ ಹತ್ತು ವರ್ಷ ಮುಂದುವರಿಯುತ್ತದೆ. ಅಂದರೆ ಬಾಗಿಲು ಇತ್ತು, ಅದು ತೆರೆಯುವುದು ಮಾತ್ರ 1975ಕ್ಕೆ. ಜಂಟಿ ಸೇನೆಯ ದಂಡನಾಯಕ ಮೊದಲಿನ ಮಾರ್ಷಲ್ ಕೋನೆವ್‌ನಿಂದ ಹಿಡಿದು ಕೊನೆಯವರೆಗೂ ಸೋವಿಯತ್ ಅಧಿಕಾರಿಯೇ ಆಗಿರುತ್ತಿದ್ದ, ಮುಖ್ಯ ಕಚೇರಿ ಮಾಸ್ಕೋದಲ್ಲಿ.

ಒಪ್ಪಂದಗಳನ್ನು ಕೊನೆಯ ಕಲಮಿನಿಂದ ಹಿಂದಕ್ಕೆ ಓದುವ ಅಭ್ಯಾಸ ನನಗೆ ಹತ್ತಿದ್ದು ಯುರೋಪಿನ ಚರಿತ್ರೆಯಿಂದಲ್ಲ, ನಮ್ಮದೇ ಕರಾವಳಿಯ ಹದಿನಾರನೆಯ ಶತಮಾನದಿಂದ. 1502ರಲ್ಲಿ ವಾಸ್ಕೋ ಡ ಗಾಮ ಎರಡನೆಯ ಸಲ ಬಂದಾಗ ಭಟ್ಕಳದ ಮುಂದೆ ಹಡಗು ನಿಲ್ಲಿಸಿದ. ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರೈಯ ಬರೆದಿರುವ ಪ್ರಕಾರ ಭಟ್ಕಳದ ಅರಸ ವರ್ಷಕ್ಕೆ 1500 ಹೊರೆ ಅಕ್ಕಿ ಕೊಡಲು ಒಪ್ಪಿದ. ಅದರಲ್ಲಿ 1000 ಹೊರೆ ದಪ್ಪಕ್ಕಿ ಹಡಗಿನ ಆಳುಗಳಿಗೆ, 500 ಹೊರೆ ಒಳ್ಳೆಯ ಅಕ್ಕಿ ಕಪ್ತಾನರಿಗೆ. ಜೊತೆಗೆ ಮೂರು ಷರತ್ತು: ತುರ್ಕರನ್ನು ಬಂದರಿಗೆ ಬಿಡಬಾರದು, ಕರಿಮೆಣಸಿನ ವ್ಯಾಪಾರ ಮಾಡಬಾರದು, ಭಟ್ಕಳದ ಹಡಗು ಕಲ್ಲಿಕೋಟೆಗೆ ಹೋಗಬಾರದು. ಇದಕ್ಕಿಂತ ಹೆಚ್ಚು ಕೊಡಲಾರೆ, ನಾನು ವಿಜಯನಗರದ ಅರಸರ ಕೈಕೆಳಗಿನ ಗೇಣಿದಾರನಷ್ಟೆ ಎಂದು ಅರಸ ಹೇಳಿಕೊಂಡನಂತೆ. ಕೊರೈಯ ಭಾರತಕ್ಕೆ ಬಂದದ್ದು ಇದಾದ ಹತ್ತು ವರ್ಷದ ಮೇಲೆ, ಬರೆದದ್ದು ಇನ್ನೂ ತಡವಾಗಿ. ಆತನ ಬರವಣಿಗೆಯಲ್ಲಿ ಬಣ್ಣ ಜಾಸ್ತಿ; ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಆ ಗೇಣಿದಾರನ ಮಾತು ಮಾತ್ರ ಕಟ್ಟುಕತೆಯಂತೆ ಕಾಣುವುದಿಲ್ಲ. ಇಬ್ಬರು ದೊಡ್ಡವರ ನಡುವೆ ಸಿಕ್ಕಿದ ಸಣ್ಣವನು ಒಬ್ಬನ ಹೆಸರು ಹೇಳಿ ಇನ್ನೊಬ್ಬನಿಂದ ಸ್ವಲ್ಪ ಉಳಿಸಿಕೊಳ್ಳುವುದು ಎಲ್ಲ ಕಾಲದಲ್ಲೂ ಹೀಗೆಯೇ.

ಹೊರಬರುವ ಬಾಗಿಲಿನ ಕತೆ 1542ರದು. ಭಟ್ಕಳದಲ್ಲಿ ಆಗ ರಾಣಿಯ ಆಳ್ವಿಕೆ. ಕಪ್ಪ ನಿಂತಿತ್ತು, ಕಡಲ್ಗಳ್ಳರಿಗೆ ಆಶ್ರಯ ಸಿಗುತ್ತಿದೆ ಎಂಬ ದೂರೂ ಇತ್ತು. ಗೋವೆಯ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜ ಪಡೆಯೊಂದಿಗೆ ಬಂದು ಊರನ್ನು ಕೊಳ್ಳೆ ಹೊಡೆದು ಸುಟ್ಟ. ಕೊಳ್ಳೆ ಹಂಚಿಕೊಳ್ಳುವಲ್ಲಿ ಪೋರ್ಚುಗೀಸ್ ಸೈನಿಕರು ತಮ್ಮತಮ್ಮಲ್ಲೇ ಬಡಿದಾಡಿಕೊಂಡರೆಂದು ಅವರ ಬಖೈರುಗಳೇ ಬರೆದಿವೆ. 1502ರ ಕರಾರಿನಲ್ಲಿ ‘ಅಕ್ಕಿ ನಿಲ್ಲಿಸಿದರೆ ಊರು ಸುಡುತ್ತೇವೆ’ ಎಂಬ ಕಲಮು ಇತ್ತೇ ಎಂದು ಹುಡುಕುವುದು ವ್ಯರ್ಥ. ಅಂಥವನ್ನು ಯಾರೂ ಬರೆದಿಡುವುದಿಲ್ಲ.

1956ರ ಅಕ್ಟೋಬರ್ ಕೊನೆಗೆ ಬುಡಾಪೆಸ್ಟಿನಲ್ಲಿ ವಿದ್ಯಾರ್ಥಿಗಳ ಮೆರವಣಿಗೆ ದಂಗೆಯಾಯಿತು. ಪ್ರಧಾನಿಯಾಗಿ ಬಂದ ಇಮ್ರೆ ನಾಜ್ ಸ್ವತಃ ಹಳೆಯ ಕಮ್ಯುನಿಸ್ಟ್. ಕಮ್ಯುನಿಸಂ ಬಿಟ್ಟು ಬಂದವನಲ್ಲ. ನವೆಂಬರ್ 1ರಂದು ಹಂಗೆರಿ ವಾರ್ಸಾ ಒಪ್ಪಂದದಿಂದ ಹೊರಬರುತ್ತಿದೆ, ಇನ್ನು ಮುಂದೆ ತಟಸ್ಥ ದೇಶ ಎಂದು ಆತ ರೇಡಿಯೋದಲ್ಲಿ ಹೇಳಿದ. ನವೆಂಬರ್ 4ರ ಬೆಳಗಿನ ಜಾವ ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿದವು. ಸುಮಾರು 2500 ಹಂಗೇರಿಯನ್ನರು ಸತ್ತರು, ಎರಡು ಲಕ್ಷದಷ್ಟು ಜನ ಗಡಿ ದಾಟಿ ಓಡಿದರು. ಯುಗೊಸ್ಲಾವ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದ ನಾಜ್‌ನನ್ನು ಅಭಯ ಕೊಟ್ಟು ಹೊರಗೆ ಕರೆದು ಹಿಡಿದು, 1958ರ ಜೂನ್ 16ರಂದು ನೇಣಿಗೆ ಹಾಕಿದರು. ಹೊರಬರಲು 1975ರವರೆಗೆ ಕಾಯಬೇಕಿತ್ತು ಎಂದು ವಾದಿಸುವ ಕಾನೂನು ಪಂಡಿತರು ಸಿಗಬಹುದು. 1956ರ ಮಟ್ಟಿಗೆ ಆ ವಾದ, ಸುಟ್ಟ ಭಟ್ಕಳದಲ್ಲಿ ಕೂತು ಅಕ್ಕಿಯ ಹೊರೆ ಎಣಿಸಿದಂತೆ.

ಭಾರತ ಇಲ್ಲಿ ಬರೀ ಪ್ರೇಕ್ಷಕನಾಗಿರಲಿಲ್ಲ. ಸೂಯೆಜ್ ಮೇಲಿನ ದಾಳಿಯನ್ನು ತಕ್ಷಣ ಖಂಡಿಸಿದ ನೆಹರೂ ಹಂಗೆರಿಯ ವಿಷಯದಲ್ಲಿ ಮಾತು ಹುಡುಕುತ್ತ ನಿಂತರು. ನವೆಂಬರ್ 9ರಂದು ವಿಶ್ವಸಂಸ್ಥೆಯಲ್ಲಿ, ಹಂಗೆರಿಯಿಂದ ಸೋವಿಯತ್ ಸೇನೆ ಹೊರಹೋಗಿ ವಿಶ್ವಸಂಸ್ಥೆಯ ನಿಗಾದಲ್ಲಿ ಚುನಾವಣೆ ನಡೆಯಬೇಕೆಂಬ ನಿರ್ಣಯ ಬಂದಾಗ ಕೃಷ್ಣ ಮೆನನ್ ನೇತೃತ್ವದ ಭಾರತ ಅದರ ವಿರುದ್ಧ ಮತ ಹಾಕಿತು. ಕಮ್ಯುನಿಸ್ಟ್ ದೇಶಗಳನ್ನು ಬಿಟ್ಟರೆ ಹಾಗೆ ಮಾಡಿದ್ದು ನಾವೊಬ್ಬರೇ. ದೇಶದೊಳಗೆ ಜಯಪ್ರಕಾಶ ನಾರಾಯಣ್ ಮೊದಲಾದವರು ಇದನ್ನು ಕಟುವಾಗಿ ಟೀಕಿಸಿದರು. ಅದೇ ಹೊತ್ತಿನಲ್ಲಿ ಬುಡಾಪೆಸ್ಟಿನ ಭಾರತೀಯ ಕಚೇರಿ ಬೇರೊಂದು ಕೆಲಸ ಮಾಡುತ್ತಿತ್ತು. ಅಲ್ಲಿನ ನಮ್ಮ ಅಧಿಕಾರಿ ಎಂ. ಎ. ರಹಮಾನ್ ಅವರ ಬಳಿಗೆ ಇಶ್ತ್ವಾನ್ ಬಿಬೊ ಎಂಬ ಚಿಂತಕ ಬರೆದ ರಾಜಿ ಸೂತ್ರವನ್ನು ಆರ್ಪಾದ್ ಗೊಂಟ್ಸ್ ತಲುಪಿಸಿದ; ಭಾರತ ಮಧ್ಯಸ್ಥಿಕೆ ವಹಿಸಬಹುದು ಎಂಬುದು ಅವರ ಆಸೆ. ಗೊಂಟ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು. 1963ರ ಕ್ಷಮಾದಾನದಲ್ಲಿ ಹೊರಬಂದ ಆತ ಇಂಗ್ಲಿಷಿನಿಂದ ಹಂಗೇರಿಯನ್ನಿಗೆ ಅನುವಾದ ಮಾಡುತ್ತ ಬದುಕಿದ, 1990ರಲ್ಲಿ ಹಂಗೆರಿಯ ರಾಷ್ಟ್ರಪತಿಯಾದ. ಅನುವಾದಕನೊಬ್ಬ ರಾಷ್ಟ್ರಪತಿಯಾಗುವುದು ಸಾಹಿತ್ಯದ ಓದುಗರಿಗೆ ಖುಷಿಯ ಸಂಗತಿಯೇ. ನಡುವಿನ ಮೂವತ್ತಮೂರು ವರ್ಷವನ್ನು ಮರೆಯದಿದ್ದರಾಯಿತು.

ಮತ್ತೆ ನಮ್ಮ ಕಡೆಗೆ. ಹೊನ್ನಾವರ ಮತ್ತು ಅಂಕೋಲಾಗಳ ಹೆಸರು ಅಂತರರಾಷ್ಟ್ರೀಯ ಸೇನಾ ಒಪ್ಪಂದವೊಂದರಲ್ಲಿ ಇದೆ ಎಂದರೆ ಊರಿನವರೇ ನಂಬುವುದಿಲ್ಲ. 1547ರ ಸೆಪ್ಟೆಂಬರ್ 19ರಂದು ಗೋವೆಯ ಗವರ್ನರ್ ಜೊವಾವ್ ಡಿ ಕಾಸ್ಟ್ರೊ ಮತ್ತು ವಿಜಯನಗರದ ನಡುವೆ ಆದ ಒಪ್ಪಂದ ಅದು. ಗುರಿ ಬಿಜಾಪುರದ ಆದಿಲ್‌ಶಾಹಿ. ಗೋವೆಗೆ ಬರುವ ಕುದುರೆಗಳನ್ನು ವಿಜಯನಗರಕ್ಕೆ ಬಿಡಬೇಕು, ಬಿಜಾಪುರಕ್ಕೆ ಬಿಡಬಾರದು. ವಿಜಯನಗರದ ಪೆಟ್ಲುಪ್ಪು ಮತ್ತು ಕಬ್ಬಿಣ ಬಂಕಾಪುರದಲ್ಲಿ ಪೋರ್ಚುಗೀಸರಿಗೆ ಸಿಗಬೇಕು. ವಿಜಯನಗರದ ಬಟ್ಟೆ ಆದಿಲ್‌ಶಾಹಿ ಬಂದರುಗಳಿಗೆ ಹೋಗದೆ ಅಂಕೋಲಾ, ಹೊನ್ನಾವರಗಳಿಗೆ ಬರಬೇಕು. ಅದಕ್ಕೆ ಬದಲು ಪೋರ್ಚುಗೀಸ್ ವ್ಯಾಪಾರಿಗಳು ತಾಮ್ರ, ಹವಳ, ಪಾದರಸ, ಚೀನಾ ರೇಷ್ಮೆ ಕೊಡುತ್ತಾರೆ.

ಇಲ್ಲಿ ಕುದುರೆಯ ಕಲಮನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅರಬ್ಬೀ ಕುದುರೆ ಇಲ್ಲಿನ ಹವೆಗೆ ಬಾಳುವುದಿಲ್ಲ, ಇಲ್ಲಿ ಚೆನ್ನಾಗಿ ಮರಿ ಹಾಕುವುದಿಲ್ಲ. ಹಾಗಾಗಿ ಒಮ್ಮೆ ಕೊಂಡರೆ ಮುಗಿಯುವುದಿಲ್ಲ, ವರ್ಷವರ್ಷ ಕೊಳ್ಳುತ್ತಲೇ ಇರಬೇಕು. ಕೊಡುವವನ ಕೈ ಮೇಲೇ ಇರುತ್ತದೆ. ವಾರ್ಸಾ ಕೂಟದಲ್ಲೂ ಬಂದೂಕಿನ ಗುಂಡಿನಿಂದ ಹಿಡಿದು ಟ್ಯಾಂಕಿನವರೆಗೆ ಸೋವಿಯತ್ ಅಳತೆಯೇ ಅಳತೆ. ಪೋಲೆಂಡೂ ಚೆಕೊಸ್ಲೊವಾಕಿಯವೂ ತಾವೇ ಟ್ಯಾಂಕು ಕಟ್ಟುತ್ತಿದ್ದವು, ಆದರೆ ನಕ್ಷೆ ಸೋವಿಯತ್ತಿನದು. ಯುದ್ಧದಲ್ಲಿ ಇದರಿಂದ ಲಾಭವಿದೆ. ಒಬ್ಬನ ಗುಂಡು ಇನ್ನೊಬ್ಬನ ಬಂದೂಕಿಗೆ ಸರಿಹೊಂದುತ್ತದೆ. ಶಾಂತಿಯ ಕಾಲದಲ್ಲಿ ಮಾತ್ರ ಬಿಡಿಭಾಗವೇ ಮೂಗುದಾರ.

1547ರ ಗೆಳೆತನ ವರ್ಷ ತುಂಬುವಷ್ಟರಲ್ಲಿ ಸಡಿಲಾಯಿತು. 1548ರಲ್ಲಿ ಗೋವೆಯ ಹೊಸ ಗವರ್ನರ್ ಆದಿಲ್‌ಶಾಹಿಯೊಂದಿಗೂ ರಾಜಿ ಮಾಡಿಕೊಂಡ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಕರಾವಳಿಯ ಸಣ್ಣ ಅರಸುಮನೆಗಳಿಗೆ ಬೆನ್ನಿಗೆ ಯಾರೂ ಇಲ್ಲದಾಯಿತು. 1569ರಲ್ಲಿ ವೈಸರಾಯ್ ಲೂಯಿಸ್ ಡಿ ಅತಾಯ್ದೆ ಹೊನ್ನಾವರದ ಕೋಟೆಯನ್ನು ಹಿಡಿದ. ಗೇರುಸೊಪ್ಪೆಯಲ್ಲಿ ಆಗ ಇದ್ದವಳು ಚೆನ್ನಭೈರಾದೇವಿ, ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆದವಳು. ಗಜಾನನ ಶರ್ಮರ ಕಾದಂಬರಿ ಬಂದ ಮೇಲೆ ಅವಳ ಹೆಸರು ಮನೆಮನೆಗೆ ತಲುಪಿದೆ. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಗೆ ಹೋದವರಿಗೆಲ್ಲ ಮೊದಲು ಕೇಳಿಬರುವುದು ಅವಳ ಹೆಸರೇ. ಹೊನ್ನಾವರ ಕೈತಪ್ಪಿದರೆ ಶರಾವತಿಯ ಬಾಯಿ ಮುಚ್ಚಿದಂತೆ, ಗೇರುಸೊಪ್ಪೆಯ ಮೆಣಸು ಮನೆಯಲ್ಲೇ ಉಳಿದಂತೆ.

1570ರಲ್ಲಿ ಪೋರ್ಚುಗೀಸರ ವಿರುದ್ಧ ಒಂದು ದೊಡ್ಡ ಕೂಟ ಎದ್ದಿತು. ಆದಿಲ್‌ಶಾಹ ಗೋವೆಯನ್ನು ಮುತ್ತಿದ, ನಿಜಾಮ್‌ಶಾಹ ಚೌಲವನ್ನು, ಕಲ್ಲಿಕೋಟೆಯ ಸಾಮೂತಿರಿ ಚಾಲಿಯಂ ಕೋಟೆಯನ್ನು. ಗೇರುಸೊಪ್ಪೆಯ ರಾಣಿ ಬಿಜಾಪುರದ ನೆರವಿನೊಂದಿಗೆ ಹೊನ್ನಾವರದ ಮೇಲೆ ಬಿದ್ದಳು. ಮಲೆಯಾಳದಿಂದ ಕೊಂಕಣದವರೆಗೆ ಇಡೀ ಪಶ್ಚಿಮ ಕರಾವಳಿ ಒಂದೇ ಹೊತ್ತಿಗೆ ಎದ್ದ ಇನ್ನೊಂದು ಸಂದರ್ಭ ನನಗೆ ನೆನಪಾಗುವುದಿಲ್ಲ. ಆದರೂ ಸೋತಿತು. ಹೊನ್ನಾವರ ಸಿಗಲಿಲ್ಲ, ಗೋವೆ ಸಿಗಲಿಲ್ಲ, ಚೌಲ ಸಿಗಲಿಲ್ಲ. 1571ರಲ್ಲಿ ಚಾಲಿಯಂ ಒಂದನ್ನು ಸಾಮೂತಿರಿ ಗೆದ್ದುಕೊಂಡ. ನಿಜಾಮ್‌ಶಾಹ ತನ್ನ ಲೆಕ್ಕ ತಾನು ಮುಗಿಸಿ ರಾಜಿ ಮಾಡಿಕೊಂಡ, ಆಮೇಲೆ ಆದಿಲ್‌ಶಾಹ ತನ್ನದನ್ನು. ರಾಣಿಯ ಕಷ್ಟ ರಾಣಿಗೆ.

ಈ ಎರಡು ಕಾಲವನ್ನು ಪಕ್ಕಪಕ್ಕ ಇಡುವುದಕ್ಕೆ ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಹದಿನಾರನೆಯ ಶತಮಾನದ ಕರಾರುಗಳ ಹಿಂದೆ ಸಿದ್ಧಾಂತ ಇರಲಿಲ್ಲ. ಮುಸಲ್ಮಾನ ಸುಲ್ತಾನ, ಹಿಂದೂ ಸಾಮೂತಿರಿ, ಜೈನ ರಾಣಿ ಒಟ್ಟಿಗೆ ನಿಂತದ್ದು ಮೆಣಸು ಮತ್ತು ಬಂದರಿಗಾಗಿ. ವಾರ್ಸಾ ಕೂಟದ ಹಿಂದೆ ಪಕ್ಷವಿತ್ತು, ಭವಿಷ್ಯದ ಕುರಿತ ನಂಬಿಕೆ ಇತ್ತು, ನಾಜಿಗಳ ವಿರುದ್ಧ ಎರಡು ಕೋಟಿಗೂ ಹೆಚ್ಚು ಜೀವ ಕಳೆದುಕೊಂಡ ಸೋವಿಯತ್ ಜನರ ನೆನಪಿತ್ತು. ಹಾಗಿದ್ದೂ ಹೋಲಿಕೆ ಬೆಳಕು ಕೊಡುವುದು ಇಲ್ಲಿ: 1570ರ ಕೂಟಕ್ಕೆ ಬಾಗಿಲುಗಳೇ ಹೆಚ್ಚು, ಗೋಡೆಯೇ ಇಲ್ಲ; ಯಾರು ಬೇಕಾದರೂ ಯಾವಾಗ ಬೇಕಾದರೂ ಎದ್ದು ಹೋದರು. ವಾರ್ಸಾದ್ದು ಗೋಡೆ ಮಾತ್ರ. ಒಂದು ಒಂದೇ ವರ್ಷದಲ್ಲಿ ಚದುರಿತು, ಇನ್ನೊಂದು ಮೂವತ್ತಾರು ವರ್ಷ ನಿಂತಿತು. ಬಾಳಿಕೆಯನ್ನೇ ಯಶಸ್ಸು ಎನ್ನುವುದಾದರೆ ವಾರ್ಸಾ ಯಶಸ್ವಿ ಕೂಟ.

ಆ ಮೂವತ್ತಾರು ವರ್ಷದಲ್ಲಿ ಕೂಟದ ಸೇನೆ ಒಟ್ಟಾಗಿ ನಡೆಸಿದ ದೊಡ್ಡ ಕಾರ್ಯಾಚರಣೆ ಒಂದೇ, ಅದೂ ತನ್ನದೇ ಸದಸ್ಯನ ಮೇಲೆ. 1968ರಲ್ಲಿ ಅಲೆಕ್ಸಾಂಡರ್ ದುಬ್ಚೆಕ್ ನಾಯಕತ್ವದ ಚೆಕೊಸ್ಲೊವಾಕಿಯ ಪತ್ರಿಕೆಗಳ ಮೇಲಿನ ಸೆನ್ಸಾರ್ ತೆಗೆಯಿತು, ಲೇಖಕರು ಮಾತಾಡತೊಡಗಿದರು. ಜೂನ್‌ನಲ್ಲಿ ಲೂದ್ವೀಕ್ ವಾತ್ಸುಲೀಕ್ ಎಂಬ ಕಾದಂಬರಿಕಾರ ಬರೆದ ‘ಎರಡು ಸಾವಿರ ಪದಗಳು’ ಎಂಬ ಹೇಳಿಕೆ ಮಾಸ್ಕೋದ ನಿದ್ದೆ ಕೆಡಿಸಿತು. ಕೂಟ ಬಿಡುತ್ತೇವೆಂದು ದುಬ್ಚೆಕ್ ಒಮ್ಮೆಯೂ ಹೇಳಿರಲಿಲ್ಲ. ಹಂಗೆರಿಯ ಪಾಠ ಅವನಿಗೆ ಗೊತ್ತಿತ್ತು, ಬಾಗಿಲ ಹತ್ತಿರ ಸುಳಿಯದೆ ಮನೆಯೊಳಗೇ ಕಿಟಕಿ ತೆಗೆದಿದ್ದ. ಆಗಸ್ಟ್ 20ರ ರಾತ್ರಿ ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೆರಿ, ಬಲ್ಗೇರಿಯಗಳ ಸೇನೆ ಗಡಿ ದಾಟಿತು. ಪೂರ್ವ ಜರ್ಮನಿಯ ಮುಖ್ಯ ಪಡೆಗಳನ್ನು ಗಡಿಯಲ್ಲೇ ತಡೆಹಿಡಿದರು. ಜರ್ಮನ್ ಬೂಟುಗಳು ಮತ್ತೆ ಪ್ರಾಗ್‌ಗೆ ಬಂದರೆ ಜನರಿಗೆ 1939 ನೆನಪಾಗುತ್ತದೆ ಎಂಬ ಎಚ್ಚರ. ಊರಿನವರು ಕೋವಿ ಎತ್ತಲಿಲ್ಲ. ದಾರಿ ತೋರಿಸುವ ಫಲಕಗಳನ್ನು ಕಿತ್ತರು, ಊರ ಹೆಸರಿಗೆ ಬಣ್ಣ ಬಳಿದು ‘ದುಬ್ಚೆಕ್’ ಎಂದು ಬರೆದರು, ಟ್ಯಾಂಕಿನವರಿಗೆ ದಾರಿ ತಪ್ಪಿಸಿದರು. ಆ ವರ್ಷದ ಕೊನೆಯೊಳಗೆ ನೂರಕ್ಕೂ ಹೆಚ್ಚು ಜನ ಸತ್ತರು. ಒಂದು ದೇಶದಲ್ಲಿ ಸಮಾಜವಾದಕ್ಕೆ ಅಪಾಯ ಬಂದರೆ ಅದು ಎಲ್ಲರ ವಿಷಯ ಎಂಬ ಬ್ರೆಝ್ನೆವ್ ಸಿದ್ಧಾಂತ ಆಮೇಲೆ ಬಂತು. ಮೊದಲು ಟ್ಯಾಂಕು, ನಂತರ ತತ್ವ.

ಇಬ್ಬರು ಮಾತ್ರ ತಲೆಬಾಗಲಿಲ್ಲ. ರುಮೇನಿಯ ಸೇನೆ ಕಳಿಸಲಿಲ್ಲ. ಚೌಷೆಸ್ಕು ಬುಕಾರೆಸ್ಟಿನ ಚೌಕದಲ್ಲಿ ನಿಂತು ದಾಳಿಯನ್ನು ಖಂಡಿಸಿದ. ತನ್ನ ದೇಶದೊಳಗೆ ಅವನೇನು ಉದಾರಿಯಾಗಿರಲಿಲ್ಲ ಎಂಬುದು ಬೇರೆ ಮಾತು. ಅಲ್ಬೇನಿಯ ಸೆಪ್ಟೆಂಬರ್‌ನಲ್ಲಿ ಕೂಟ ಬಿಟ್ಟೇ ಹೋಯಿತು, ಅದಕ್ಕೆ ಏನೂ ಆಗಲಿಲ್ಲ. ಹಂಗೆರಿಗೆ ಸಾಧ್ಯವಾಗದ್ದು ಅಲ್ಬೇನಿಯಕ್ಕೆ ಹೇಗೆ ಸಾಧ್ಯವಾಯಿತು? ನಕಾಶೆ ನೋಡಿದರೆ ಸಾಕು. ಅಲ್ಬೇನಿಯಕ್ಕೆ ಕೂಟದ ಯಾವ ದೇಶದೊಂದಿಗೂ ಗಡಿ ಇಲ್ಲ, ನಡುವೆ ಯುಗೊಸ್ಲಾವಿಯ ಅಡ್ಡ. ಬೆನ್ನಿಗೆ ಚೀನಾ ಎಂಬ ಬೇರೊಬ್ಬ ದೊಡ್ಡವನಿದ್ದ. ಘಟ್ಟದ ಕೆಳಗಿನ ನಮ್ಮ ಅರಸುಮನೆಗಳು ಬಾಳಿದ್ದೂ ಇಂಥ ಲೆಕ್ಕದಲ್ಲೇ. ಮೇಲಿನವರಿಗೆ ಘಟ್ಟ ಇಳಿಯುವುದು ಕಷ್ಟ, ಕಡಲಿನವರಿಗೆ ಹೊಳೆ ಏರುವುದು ಕಷ್ಟ. ಆ ಎರಡು ಕಷ್ಟಗಳ ನಡುವಿನ ಜಾಗವೇ ಗೇರುಸೊಪ್ಪೆಯ ಸ್ವಾತಂತ್ರ್ಯ. ಕೆಳದಿಯ ವೆಂಕಟಪ್ಪನಾಯಕ ಘಟ್ಟ ಇಳಿದು ಬಂದಾಗ ಅದು ಮುಗಿಯಿತು.

1968ರ ಆಗಸ್ಟಿನಲ್ಲಿ ಭಾರತ ಭದ್ರತಾ ಮಂಡಳಿಯ ಸದಸ್ಯನಾಗಿತ್ತು. ದಾಳಿಯನ್ನು ಖಂಡಿಸುವ ನಿರ್ಣಯದ ಮೇಲೆ ನಾವು ಮತ ಹಾಕದೆ ತಟಸ್ಥರಾಗಿ ಉಳಿದೆವು. ಇದನ್ನು ಒಪ್ಪದ ಅಶೋಕ ಮೆಹ್ತಾ ಇಂದಿರಾ ಗಾಂಧಿಯವರ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಆ ಲೋಕಸಭೆಯಲ್ಲಿ ಭಟ್ಕಳ-ಹೊನ್ನಾವರ-ಕುಮಟಾಗಳ ಪ್ರತಿನಿಧಿ ಯಾರು ಎಂಬುದನ್ನು ನೆನಪಿಸಿಕೊಳ್ಳುವುದು ಚಂದ: ಕನರಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದುಹೋಗಿದ್ದ ಚುಟುಕು ಕವಿ ದಿನಕರ ದೇಸಾಯಿ. ಯಾವ ಪಕ್ಷದ ಕೂಟಕ್ಕೂ ಸೇರದೆ ಸಂಸತ್ತಿಗೆ ಹೋದವರು.

ಮೂರು ವರ್ಷದ ಮೇಲೆ, 1971ರ ಆಗಸ್ಟ್ 9ರಂದು, ಭಾರತವೇ ಸೋವಿಯತ್ ಒಕ್ಕೂಟದೊಂದಿಗೆ 20 ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ವಾರ್ಸಾ ಕಾಗದದ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ನಮ್ಮವರು ಎಷ್ಟು ಎಚ್ಚರದಿಂದ ಬರೆದಿದ್ದಾರೆಂದು ತಿಳಿಯುತ್ತದೆ. ವಾರ್ಸಾದ ನಾಲ್ಕನೆಯ ಕಲಮು ದಾಳಿಯಾದರೆ ಸೈನ್ಯಬಲದ ನೆರವು ಎನ್ನುತ್ತದೆ. ನಮ್ಮ ಒಂಬತ್ತನೆಯ ಕಲಮು ದಾಳಿಯ ಅಪಾಯ ಬಂದರೆ ಇಬ್ಬರೂ ಕೂಡಲೇ ಸಮಾಲೋಚನೆ ನಡೆಸಬೇಕು ಎಂದಷ್ಟೇ ಹೇಳುತ್ತದೆ. ನಾಲ್ಕನೆಯ ಕಲಮಿನಲ್ಲಿ ಭಾರತದ ಅಲಿಪ್ತ ನೀತಿಯನ್ನು ಸೋವಿಯತ್ ಒಕ್ಕೂಟ ಗೌರವಿಸುತ್ತದೆ ಎಂದು ಬರೆಸಿಕೊಂಡಿದ್ದಾರೆ. ಜಂಟಿ ದಂಡನಾಯಕ ಇಲ್ಲ, ನಮ್ಮ ನೆಲದಲ್ಲಿ ಅವರ ಸೈನ್ಯ ಇಲ್ಲ. ಹಂಗೆರಿಯ ವಿಷಯದಲ್ಲಿ ನಾವು ತೋರಿದ ಅಳುಕನ್ನು ನಾನು ಸಮರ್ಥಿಸಲಾರೆ. ಆದರೆ ಬುಡಾಪೆಸ್ಟ್ ಮತ್ತು ಪ್ರಾಗ್‌ಗಳನ್ನು ದೆಹಲಿ ಗಮನವಿಟ್ಟು ನೋಡಿತ್ತು ಎಂಬುದಕ್ಕೆ ಈ ಕಲಮುಗಳೇ ಸಾಕ್ಷಿ. ನಮ್ಮ ಜಿಲ್ಲೆಯಲ್ಲೇ ಅಲಿಪ್ತ ನೀತಿಯ ಕುರುಹು ಹುಡುಕುವುದಾದರೆ, ನೇಟೊದ ಸ್ಥಾಪಕ ಸದಸ್ಯ ನಾರ್ವೆಯ ನೆರವಿನ ಮೀನುಗಾರಿಕೆ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೆ ಬಂದಿತ್ತು. ಅದೇ ಕಾರವಾರಕ್ಕೆ ಆಮೇಲೆ ಸೋವಿಯತ್ ಹಡಗುಗಳೂ ಬಂದವು. ಆ ಹಡಗುಗಳಿಗೆ ಜಾಗ ಮಾಡಲು 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲ ದಾರಿ ಬಿಟ್ಟು ಎದ್ದವು. ಅವರನ್ನು ಯಾವ ಒಪ್ಪಂದಕ್ಕೂ ಸಹಿ ಕೇಳಿರಲಿಲ್ಲ.

ಕೊನೆಯ ಅಧ್ಯಾಯ ಬೇಗ ಮುಗಿಯುತ್ತದೆ. 1985ರ ಏಪ್ರಿಲ್‌ನಲ್ಲಿ ವಾರ್ಸಾ ಒಪ್ಪಂದವನ್ನು ಇನ್ನೂ 20 ವರ್ಷಕ್ಕೆ ನವೀಕರಿಸಿದರು. ಗುಲ್ದಾರ್ ನಮ್ಮ ಕೈ ಸೇರಿದ ವರ್ಷ ಅದು. 2005ರವರೆಗೆ ಇರಬೇಕಿದ್ದ ಕೂಟ ಆರು ವರ್ಷ ಉಳಿಯಿತು. ಬಾಗಿಲು ತೆರೆದದ್ದು ಒಳಗಿದ್ದವರಲ್ಲ ಎನ್ನುವುದು ಅರ್ಧ ಸತ್ಯ. ಟ್ಯಾಂಕು ಕಳಿಸುವುದಿಲ್ಲ ಎಂದು ಗೊರ್ಬಚೆವ್ ತೀರ್ಮಾನಿಸಿದ್ದು ಹೌದು, ಆದರೆ ಹತ್ತು ವರ್ಷದಿಂದ ತಳ್ಳುತ್ತಿದ್ದವರು ಗ್ಡಾನ್ಸ್ಕ್, ಗ್ಡಿನಿಯಾಗಳ ಹಡಗುಕಟ್ಟೆಯವರು. 1989ರ ಜೂನ್ 16ರಂದು, ನೇಣಿಗೇರಿಸಿ ಸರಿಯಾಗಿ ಮೂವತ್ತೊಂದು ವರ್ಷಕ್ಕೆ, ಇಮ್ರೆ ನಾಜ್‌ಗೆ ಬುಡಾಪೆಸ್ಟಿನಲ್ಲಿ ಮರಳಿ ಮಣ್ಣು ಮಾಡಿದರು. 1990ರ ಸೆಪ್ಟೆಂಬರ್‌ನಲ್ಲಿ ಪೂರ್ವ ಜರ್ಮನಿ ಕೂಟ ಬಿಟ್ಟು, ಒಂದು ವಾರದ ಮೇಲೆ ತಾನೇ ಇಲ್ಲವಾಯಿತು. 1991ರ ಜುಲೈ 1ರಂದು ಪ್ರಾಗ್‌ನಲ್ಲಿ ಉಳಿದವರು ಸೇರಿ ಕೂಟವನ್ನು ಬರಖಾಸ್ತು ಮಾಡಿದರು. ಸೋವಿಯತ್ ಕಡೆಯಿಂದ ಬಂದಿದ್ದವನು ಉಪಾಧ್ಯಕ್ಷ ಗೆನ್ನಾದಿ ಯಾನಾಯೆವ್. ಏಳು ವಾರದ ಮೇಲೆ ಗೊರ್ಬಚೆವ್ ವಿರುದ್ಧ ವಿಫಲ ದಂಗೆಗೆ ಮುಖವಾದವನು ಆತನೇ.

ಕಾರವಾರದ ನೆಲೆಯ ದೊಡ್ಡ ಹಡಗು ಐಎನ್‌ಎಸ್ ವಿಕ್ರಮಾದಿತ್ಯ. ಅದರ ಹಳೆಯ ಹೆಸರು ‘ಬಾಕು’; ಈಗಿನ ಅಜರ್‌ಬೈಜಾನಿನ ರಾಜಧಾನಿಯ ಹೆಸರು. ಸೋವಿಯತ್ ನೌಕಾಪಡೆಗೆ ಅದು ಸೇರಿದ್ದು 1987ರಲ್ಲಿ. ಕೂಟ ಹೋಯಿತು, ಒಕ್ಕೂಟ ಹೋಯಿತು, ಹಡಗಿನ ಹೆಸರು ‘ಅಡ್ಮಿರಲ್ ಗೊರ್ಶ್ಕೊವ್’ ಎಂದಾಯಿತು, ಆಮೇಲೆ ನಮ್ಮದಾಯಿತು. 2014ರ ಜನವರಿ ಮೊದಲ ವಾರದಲ್ಲಿ ಅದು ಕಾರವಾರಕ್ಕೆ ಬಂತು. ಆ ಮಾರ್ಚ್‌ನಲ್ಲಿ ರಷ್ಯ ಕ್ರೈಮಿಯವನ್ನು ತನ್ನದಾಗಿಸಿಕೊಂಡಿತು. ಹಡಗನ್ನು ಕಟ್ಟಿದ ಊರು ಉಕ್ರೇನಿನ ಮಿಕೊಲಾಯಿವ್. 2022ರ ಮಾರ್ಚ್ 29ರ ಬೆಳಿಗ್ಗೆ ಆ ಊರಿನ ಪ್ರಾಂತ್ಯಾಡಳಿತದ ಕಟ್ಟಡದ ಮೇಲೆ ರಷ್ಯದ ಕ್ಷಿಪಣಿ ಬಿದ್ದು ನಟ್ಟನಡುವೆ ಒಂಬತ್ತು ಮಹಡಿಗಳಷ್ಟು ಎತ್ತರದ ಕಿಂಡಿ ಬಿತ್ತು.